ಕೆಳಬೀದಿಯ ತೊಂಬತ್ತೊಂಬತ್ತು

ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ಮತ್ತೆ ಒಳಗೆ ಹಾಕಿಕೊಳ್ಳಲು ದೇವರು ಯಾರಿಗೂ ಕೈ ಕೊಟ್ಟಿಲ್ಲ. ದೊಡ್ಡ ಮೇಷ್ಟ್ರ ಬಾಯಿಂದ ಆ ಮಾತು ಬಿದ್ದದ್ದು ಮಧ್ಯಾಹ್ನದ ಊಟದಲ್ಲಿ, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ.

ದೊಡ್ಡ ಮೇಷ್ಟ್ರು ವಿಶ್ವವಿದ್ಯಾಲಯದ ನೀರಿನ ವಿಭಾಗದಲ್ಲಿ ಪ್ರೊಫೆಸರ್ ಆಗಿದ್ದು ನಿವೃತ್ತರಾದವರು. ಅವರ ಮಗ ಅದೇ ವಿಭಾಗದಲ್ಲಿ ಪಾಠ ಹೇಳುತ್ತಿದ್ದ. ಅವನು ಚಿಕ್ಕ ಮೇಷ್ಟ್ರು. ಸೊಸೆಯೂ ಅಲ್ಲೇ ಪಿಎಚ್‌ಡಿಗೆ ಸೇರಿ, ಹಳೆಯ ಅಳತೆಗಳನ್ನು ಕಂಪ್ಯೂಟರಿಗೆ ಉಣಿಸಿ ಯಾವ ಬಾವಿಯ ನೀರು ಎಂದು ಕೆಡುತ್ತದೆಂದು ಮುಂಚಿತವಾಗಿ ಹೇಳುವಂತೆ ಅದಕ್ಕೆ ಕಲಿಸುತ್ತಿದ್ದಳು. ಒಂದು ಮನೆಯಲ್ಲಿ ಮೂವರು ವಿದ್ವಾಂಸರು. ಮೂವರಿಗೂ ಬಡಿಸುವ ಕೈ ಮಾತ್ರ ಒಂದೇ, ದೊಡ್ಡ ಮೇಷ್ಟ್ರ ಹೆಂಡತಿಯದು.

"ಮಾವ, ಕೆಳಬೀದಿ ಬಾವಿಗಳ ನಿಮ್ಮ ಹಳೇ ಅಳತೆಗಳಲ್ಲಿ ಒಂದು ಸಂಶಯ," ಎಂದಳು ಸೊಸೆ. "ಒಂದೋ ಇಪ್ಪತ್ತರ ಆಸುಪಾಸು ಇರುತ್ತೆ, ಇಲ್ಲಾಂದ್ರೆ ನೆಟ್ಟಗೆ ತೊಂಬತ್ತೊಂಬತ್ತು. ತೊಂಬತ್ತೆಂಟಿಲ್ಲ, ತೊಂಬತ್ತೇಳಿಲ್ಲ. ಏನದು?"

"ಅದಾ?" ದೊಡ್ಡ ಮೇಷ್ಟ್ರು ನಕ್ಕರು. "ಆಗಿನ ಕಂಪ್ಯೂಟರ್ ಖಾಲಿ ಜಾಗ ಕಂಡ್ರೆ ಮುನಿಸಿಕೊಳ್ತಿತ್ತು ಕಣಮ್ಮ. ತೂತು ಹೊಡೆದ ಕಾರ್ಡು, ಎರಡೇ ಅಂಕಿಗೆ ಜಾಗ. ನೀರು ತರದೇ ಇದ್ದ ದಿನ ತೊಂಬತ್ತೊಂಬತ್ತು ಅಂತ ಹಾಕಿಬಿಡ್ತಿದ್ವಿ. ಅಂದ್ರೆ ಅವತ್ತು ಅಳತೆ ಇಲ್ಲ ಅಂತ. ಲೆಕ್ಕ ಮಾಡೋವಾಗ ಅದನ್ನ ಬಿಟ್ಟುಬಿಡಬೇಕು. ಆ ಉಪ್ಪು ಕೊಡು ಇಲ್ಲಿ."

ಸೊಸೆ ಉಪ್ಪು ಕೊಡಲಿಲ್ಲ. "ಬಿಟ್ಟಿಲ್ಲ ಮಾವ."

"ಏನು ಬಿಟ್ಟಿಲ್ಲ?"

"ಸರಾಸರಿ ತೆಗೆಯೋವಾಗ ಅದನ್ನೂ ಕೂಡಿಸಿದ್ದಾರೆ. ನೀರೇ ತರದ ದಿನದ ತೊಂಬತ್ತೊಂಬತ್ತನ್ನ ನೀರಲ್ಲಿದ್ದ ವಿಷ ಅಂತ ಕೂಡಿಸಿದ್ದಾರೆ. ಅದನ್ನ ಬಿಟ್ಟು ನಾನು ಲೆಕ್ಕ ಹಾಕಿ ನೋಡಿದೆ. ಕೆಳಬೀದಿ ನೀರೂ ಮೇಲ್ಬೀದಿ ನೀರೂ ಒಂದೇ ಥರ ಇತ್ತು."



"ಯಾರು ಹೇಳಿದ್ದು ಹಾಗಂತ?" ಎಂದ ಚಿಕ್ಕ ಮೇಷ್ಟ್ರು.

"ಮಾವನೇ ಈಗ ಹೇಳಿದ್ರಲ್ಲ."

ಆ ಮನೆ ನಿಂತಿದ್ದದ್ದೇ ಆ ಸರಾಸರಿಯ ಮೇಲೆ. ನೀರಿನಲ್ಲಿ ಅವರು ಅಳೆದ ನೈಟ್ರೇಟ್ ಎಂಬ ಲವಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಿದರೆ ಹಸುಗೂಸುಗಳಿಗೆ ಕೇಡು. ಬಹಳ ಹಿಂದೆ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ದೊಡ್ಡ ಮೇಷ್ಟ್ರು ಊರಿನ ಬಾವಿಗಳನ್ನೆಲ್ಲ ಅಳೆದು, ಕೆಳಬೀದಿಯವು ಆ ಗೆರೆ ದಾಟಿವೆ ಎಂದು ಬರೆದರು. ತೊಂಬತ್ತೊಂಬತ್ತು ಎಂಬುದು ಯಾರೂ ನಂಬದಷ್ಟು ದೊಡ್ಡ ಸಂಖ್ಯೆಯಲ್ಲ. ಅದಕ್ಕೇ ಎಲ್ಲರೂ ನಂಬಿದರು. ಅವರಿಗೆ ಪದವಿ ಬಂತು, ಕೆಲಸ ಬಂತು, ಹೆಸರು ಬಂತು. ಕೆಳಬೀದಿಯ ಬಾವಿಗಳ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಬಂತು. ಆ ಜನ ಅಂದಿನಿಂದ ಬೀದಿ ತುದಿಯ ಒಂದೇ ನಲ್ಲಿಗೆ ಸಾಲು ನಿಂತಿದ್ದಾರೆ. ಈಗ ಹೊಸದಾಗಿ ಕಟ್ಟುತ್ತಿರುವ ಪ್ರಯೋಗಾಲಯಕ್ಕೆ ದೊಡ್ಡ ಮೇಷ್ಟ್ರ ಹೆಸರಿಡುವುದೆಂದು ವಿಭಾಗದಲ್ಲಿ ತೀರ್ಮಾನವಾಗಿತ್ತು.

ಅವರ ಹೆಂಡತಿ ಕೆಳಬೀದಿಯ ಮಗಳು. ಆಕೆಯ ತವರಿನ ಅಂಗಳದಲ್ಲೇ ಅಂಥದೊಂದು ಚಪ್ಪಡಿ ಇದೆ. ಆಕೆ ಸೌಟು ಹಿಡಿದುಕೊಂಡು ಎಲ್ಲವನ್ನೂ ಕೇಳಿದರು. ಗಂಡನ ತಟ್ಟೆಗೆ ಅನ್ನ ಹಾಕಿದರು. ಉಪ್ಪನ್ನು ತಾವೇ ತಂದಿಟ್ಟು ಒಳಗೆ ಹೋದರು.

ಪಾತ್ರೆ ತೊಳೆಯುವಾಗ ಸೊಸೆಯನ್ನು ಕೇಳಿದರು: "ಅಲ್ಲ ಕಣೇ, ನೀನಂದದ್ದು ನನಗೆ ಅರ್ಥ ಆಗೋ ಹಾಗೆ ಹೇಳು. ನಮ್ಮ ಬಾವಿ ಕೆಟ್ಟಿತ್ತೋ ಇಲ್ಲವೋ?"

"ಕೆಟ್ಟಿರಲಿಲ್ಲ ಅತ್ತೆ."

"ಹಾಗಾದ್ರೆ ನಮ್ಮಮ್ಮ?"

ಸೊಸೆಗೆ ತಿಳಿಯಲಿಲ್ಲ. ಅತ್ತೆ ತಟ್ಟೆ ಉಜ್ಜುತ್ತಲೇ ಹೇಳಿದರು.

"ಬಾವಿ ಮುಚ್ಚೋಕೆ ಗಾಡಿಗೆ ಮೈಕ್ ಕಟ್ಕೊಂಡು ಬಂದಿದ್ರು. 'ಕೊಟ್ಟಿಗೆ, ಕಕ್ಕಸು, ಕೊಳಕಿನಿಂದ ನಿಮ್ಮ ನೀರು ವಿಷ ಆಗಿದೆ' ಅಂತ ಬೀದಿ ಉದ್ದಕ್ಕೂ ಕೂಗಿದ್ರು. ನಮ್ಮಮ್ಮನಿಗೆ ಎರಡು ಆಡಿದ್ವು, ಬಾವಿ ಪಕ್ಕದಲ್ಲೇ ಕಟ್ತಿದ್ಲು. ಅವುಗಳಿಂದಲೇ ಬೀದಿಗೆಲ್ಲ ಕೇಡಾಯ್ತು ಅಂತ ಮಾರಿಬಿಟ್ಲು. ಆಮೇಲೆ ದಿನಾ ಹಿತ್ತಲು ಉಜ್ಜೋಳು. ಕೈ ಒಡೆದು ರಕ್ತ ಬಂದ್ರೂ ಉಜ್ಜೋಳು. ಪ್ರಾಣ ಹೋಗೋ ಹಿಂದಿನ ದಿನವೂ, 'ಯಾರ ಮನೆ ಕೂಸಿಗೆ ನನ್ನಿಂದ ಏನಾಯ್ತೋ' ಅಂತ ಕೇಳಿದ್ಲು. ದೇವರ ಮುಂದೆ ಹೋಗೋವಾಗ ಮಾಡದ ಪಾಪ ಹೊತ್ಕೊಂಡು ಹೋದ್ಲಲ್ಲೇ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಆಕೆ ಅದನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದರು.

ಆ ವಾರ ಸೊಸೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋದಳು. ಅವರೇ ಅವಳ ಗೈಡ್. ದೊಡ್ಡ ಮೇಷ್ಟ್ರ ಕೈಕೆಳಗೆ ಓದಿ ಮೇಲೆ ಬಂದವರು. ಸಂಜೆ ಮನೆಗೆ ಬಂದವಳು ಚೀಲ ಕುರ್ಚಿಯ ಮೇಲೆ ಎಸೆದಳು.

"ಏನಂದ್ರು?" ಎಂದ ಗಂಡ.

"'ನೋಡಮ್ಮ, ಮರ ಹತ್ತಿ ಕೂತು ಬುಡಕ್ಕೆ ಕೊಡಲಿ ಹಾಕಬಾರದು' ಅಂದ್ರು."

"ತಪ್ಪೇನಂದ್ರು? ನನ್ನ ಬಡ್ತಿ ಕಾಗದ ಅವರ ಮೇಜಿನ ಮೇಲಿದೆ. ನಿನ್ನ ಪ್ರಬಂಧಕ್ಕೆ ಸಹಿ ಹಾಕೋರು ಅವರು. ಅಪ್ಪನ ಹೆಸರಿನ ಕಲ್ಲು ಕೆತ್ತೋಕೆ ಕೊಟ್ಟಾಗಿದೆ. ಇಷ್ಟು ವರ್ಷ ಮಲಗಿದ್ದ ನಾಯೀನ ಈಗ್ಯಾಕೆ ಕಲ್ಲು ಹೊಡೆದು ಎಬ್ಬಿಸ್ತೀಯ?"

"ಮಿಕ್ಕ ಬೀದಿಗಳ ಅಳತೆ ನೋಡಿ ಕಲಿತ ನನ್ನ ಕಂಪ್ಯೂಟರ್ ಮೊದಲ ದಿನದಿಂದ ಕೆಳಬೀದಿ ನೀರು ಚೆನ್ನಾಗಿದೆ ಅಂತಲೇ ಹೇಳ್ತಿತ್ತು, ಗೊತ್ತಾ? ಅವರು, 'ನಿನ್ನ ಪ್ರೋಗ್ರಾಮ್ ತಪ್ಪು, ಸರ್ ಅಳತೆಗೆ ಹೊಂದೋವರೆಗೂ ತಿದ್ದು' ಅಂದ್ರು. ಎರಡು ವರ್ಷ! ಸರಿಯಾಗಿ ಹೇಳ್ತಿದ್ದದ್ದಕ್ಕೆ ಹೊಡೆದು ಹೊಡೆದು ಸುಳ್ಳು ಹೇಳೋದು ಕಲಿಸಿದೀನಿ ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನನ್ನ ಕಂಪ್ಯೂಟರ್ ಆಯ್ತು."

"ಮೆಲ್ಲಗೆ ಮಾತಾಡು. ಅಪ್ಪ ಮಲಗಿದ್ದಾರೆ."

"ಮಲಗಿಲ್ಲ," ಎಂದು ಒಳಕೋಣೆಯಿಂದ ದೊಡ್ಡ ಮೇಷ್ಟ್ರು ಹೇಳಿದರು.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಕೆಳಬೀದಿಗೆ ಹೋದರು. ಅಲ್ಲಿ ಅತ್ತೆಯ ತಮ್ಮನಿದ್ದಾನೆ, ದರ್ಜಿ. ಅವನ ಹೊಲಿಗೆ ಯಂತ್ರ ಇರುವುದೇ ಅಂಗಳದಲ್ಲಿ, ಚಪ್ಪಡಿಯ ಎದುರಿಗೆ. ಚಪ್ಪಡಿಯ ಮೇಲೆ ಅಳತೆ ಕೊಡಲು ಬಂದವರು ಕೂರುತ್ತಾರೆ, ಒಗೆದ ಬಟ್ಟೆ ಒಣಗುತ್ತದೆ, ಬೆಕ್ಕು ಮಲಗುತ್ತದೆ. ಅದರ ಕೆಳಗೆ ಬಾವಿಯಿದೆ ಎಂಬುದು ಬೀದಿಯ ಚಿಕ್ಕವರಿಗೆ ಗೊತ್ತೂ ಇಲ್ಲ. ಬೀದಿಯಲ್ಲಿ ಅದಕ್ಕೆ ದರ್ಜಿ ಕಟ್ಟೆ ಎಂದೇ ಹೆಸರು.

"ಅಕ್ಕ, ಈಗ ಇದೆಲ್ಲ ಯಾಕೆ?" ಎಂದ ದರ್ಜಿ. "ಭಾವನಿಗೆ ಬೇಜಾರಾಗುತ್ತೆ."

"ನಿನ್ನ ಸೊಂಟ ಬಗ್ಗಿ ಹೋಗಿದೆಯಲ್ಲ, ಅದು ಹೊಲಿದು ಬಗ್ಗಿದ್ದೋ ಕೊಡ ಹೊತ್ತು ಬಗ್ಗಿದ್ದೋ?"

"ಎರಡೂ."

"ಎರಡರಲ್ಲಿ ಒಂದು ನಿನ್ನ ಭಾವನ ಲೆಕ್ಕಕ್ಕೆ. ಬಾಯಿ ಮುಚ್ಚಿಕೊಂಡು ಸಲಾಕೆ ತಾ."

ಚಪ್ಪಡಿಯ ನಡುವೆ ಒಂದು ತೂತಿತ್ತು, ಸಿಮೆಂಟಿನಿಂದ ಬಿರಡೆ ಹಾಕಿದ್ದು. ದರ್ಜಿ ಅದನ್ನು ಒಡೆದ. ಬೀಗ ಹಾಕಿದ ಕೋಣೆಯಿಂದ ಬರುವಂಥ ತಣ್ಣನೆಯ ಗಾಳಿ ಮೇಲೆ ಬಂತು. ಅವನು ಹೊಲಿಗೆ ದಾರವನ್ನು ಎಳೆಯ ಮೇಲೆ ಎಳೆ ಹೊಸೆದು, ಶೀಸೆಯ ಕತ್ತಿಗೆ ಕಟ್ಟಿ ಇಳಿಬಿಟ್ಟ. ಶೀಸೆ ನೀರು ಮುಟ್ಟಿದ ಸದ್ದು ಕೇಳಿದಾಗ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಲಿಲ್ಲ.

ಆ ಶೀಸೆಯನ್ನು ಮುಖ್ಯಸ್ಥರಿಗೆ ತಿಳಿಯದಂತೆ ಪರೀಕ್ಷೆ ಮಾಡಿದವನು ಚಿಕ್ಕ ಮೇಷ್ಟ್ರು. ಹೆಂಡತಿ ಕೇಳಿದಾಗ "ಆಗಲ್ಲ" ಎಂದಿದ್ದ. ಆದರೆ ಅಮ್ಮ ತಿಂಡಿಯ ಡಬ್ಬಿಯ ಜೊತೆಗೇ ಅದನ್ನೂ ಅವನ ಚೀಲದಲ್ಲಿಟ್ಟು ಕಳಿಸಿದ್ದರು. ಸಂಜೆ ಬಂದು ಷೂ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದ: "ಹದಿನೆಂಟು. ಮೂರು ಸಲ ನೋಡಿದೆ."

"ಈಗಿನ ನೀರು ಬೇರೆ, ಆಗಿನ ನೀರು ಬೇರೆ," ಎಂದರು ದೊಡ್ಡ ಮೇಷ್ಟ್ರು. ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು.

"ಆಗಿನ ಅಳತೇನೂ ಅಷ್ಟೇ ಅಪ್ಪ. ಆ ತೊಂಬತ್ತೊಂಬತ್ತು ಬಿಟ್ರೆ."

"ಆ ಸರಾಸರಿ ತೆಗೆದ ಪ್ರೋಗ್ರಾಮ್ ಬರೆದವನು ನಾನಲ್ಲ! ನನ್ನ ಸ್ನೇಹಿತ. ಈಗ ತೀರಿಕೊಂಡಿದ್ದಾನೆ. ತೊಂಬತ್ತೊಂಬತ್ತು ಬಿಡು ಅಂತ ಅವನಿಗೆ ಹೇಳಿದ್ದೆ. ಹೇಳಿದ್ದೆ ಅಂತಲೇ ನೆನಪು."

"ಸತ್ತವರ ಹೆಗಲು ಗಟ್ಟಿ ಬಿಡಿ, ಏನು ಹೊರಿಸಿದ್ರೂ ಹೊರುತ್ತೆ," ಎಂದರು ಹೆಂಡತಿ. ಸೊಪ್ಪು ಬಿಡಿಸುತ್ತ ನೆಲದ ಮೇಲೆ ಕೂತಿದ್ದರು. "ನಾನೊಂದು ಕೇಳ್ತೀನಿ. ನೀರು ತರದೇ ಇದ್ದ ದಿನ ಯಾವ್ಯಾವುದು?"

ದೊಡ್ಡ ಮೇಷ್ಟ್ರು ಪತ್ರಿಕೆಯ ಪುಟ ಮಗುಚಿದರು.

"ನೀನು ಹೇಳೇ," ಎಂದು ಆಕೆ ಸೊಸೆಗೆ ಹೇಳಿದರು.

"ಹೆಚ್ಚು ಕಡಿಮೆ ಎಲ್ಲಾ ಬುಧವಾರ ಅತ್ತೆ. ಕೆಳಬೀದಿಗೆ ಮಾತ್ರ ಹಾಗೆ."

"ಬುಧವಾರ!" ಆಕೆ ಸೊಪ್ಪನ್ನು ಕೆಳಗಿಟ್ಟರು. "ಇವರು ಶೀಸೆ ಪೆಟ್ಟಿಗೆ ಹಿಡ್ಕೊಂಡು ನಮ್ಮ ಬೀದಿಗೆ ಬರೋ ದಿನ. ಮೊದಲನೇ ಮನೆ ನಮ್ಮದು. ನಮ್ಮಮ್ಮ, 'ಓದೋ ಹುಡುಗ, ಬಿಸಿಲಲ್ಲಿ ಬಂದಿದ್ದಾನೆ' ಅಂತ ಕೂರಿಸಿ ಚಹಾ ಕೊಡೋಳು. ಇವರು ಒಂದು ಲೋಟ ಚಹಾನ ಹೊತ್ತು ಮುಳುಗೋವರೆಗೂ ಕುಡಿಯೋರು. ನಾನು ಒಳಗೂ ಹೊರಗೂ ಓಡಾಡ್ತಿದ್ದೆ. ಖಾಲಿ ಶೀಸೆಗಳು ಹಾಗೇ ವಾಪಸ್ ಹೋಗ್ತಿದ್ವು. ಕತ್ತಲಾಯ್ತು, ನಾಳೆ ಬರ್ತೀನಿ ಅನ್ನೋರು. ನಾಳೆ ಬೇರೆ ಬೀದಿ ಸರದಿ."

ಚಿಕ್ಕ ಮೇಷ್ಟ್ರು ಅಪ್ಪನನ್ನು ನೋಡಿದ. ಪತ್ರಿಕೆ ಇನ್ನಷ್ಟು ಮೇಲಕ್ಕೆ ಏರಿತು.

"ಇಷ್ಟು ವರ್ಷ ನಾನು ಅದನ್ನ ಪ್ರೀತಿ ಅಂದುಕೊಂಡಿದ್ದೆ ಕಣೋ," ಎಂದರು ಅಮ್ಮ. "ಅದು ನಮ್ಮ ಬಾವಿ ಲೆಕ್ಕದಲ್ಲಿ ವಿಷ ಅಂತ ಬರೆದಿತ್ತು. ನಮ್ಮಮ್ಮ ಕೊಟ್ಟ ಚಹಾ ಅವಳ ಬಾವೀನೇ ಮುಚ್ಚಿಸ್ತು."

"ಪ್ರೀತಿ ಅಲ್ಲ ಅಂತ ಯಾರಂದ್ರು?" ಎಂದರು ದೊಡ್ಡ ಮೇಷ್ಟ್ರು ಪತ್ರಿಕೆಯ ಹಿಂದಿನಿಂದ.

"ಹಾಗಾದ್ರೆ ಹೋಗಿ ನಮ್ಮ ಬೀದೀಲಿ ಹೇಳಿ. ಮೈಕಲ್ಲಿ ಕೂಗಿಸಿದ್ದನ್ನ ಬಾಯಲ್ಲಿ ವಾಪಸ್ ತಗೊಳ್ಳಿ."

"ನನ್ನ ಮರ್ಯಾದೆ?"

"ನಮ್ಮಮ್ಮನದು?"

ಅದಕ್ಕೆ ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಆ ಮನೆಯ ನಲ್ಲಿಗಳಲ್ಲಿ ನೀರೂ ಬರಲಿಲ್ಲ.

ಆಕೆ ಮೆಟ್ಟಿಲ ಕೆಳಗಿನ ವಾಲ್ವ್ ತಿರುಗಿಸಿ ಮುಚ್ಚಿ, ಅದರ ಹಿಡಿಯನ್ನೇ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಹಜಾರದಲ್ಲಿ ನಾಲ್ಕು ಬಕೆಟ್ ಸಾಲಾಗಿದ್ದವು. "ಕ್ವಾರ್ಟರ್ಸ್ ಗೇಟಿನ ಹತ್ತಿರ ನಲ್ಲಿ ಇದೆ. ಅವರವರ ನೀರು ಅವರವರು ತಂದ್ಕೊಳ್ಳಿ. ಅಡುಗೆದು ನಾನು ಕೆಳಬೀದಿಯಿಂದ ತರ್ತೀನಿ, ಸಾಲಲ್ಲಿ ನಿಂತು."

"ಇದೇನಮ್ಮ ಹಠ! ಮಕ್ಕಳಾಟ ಆಯ್ತು," ಎಂದ ಮಗ.

"ಆಟ ಅಂತಲೇ ಆಡು. ಸೋತವರು ಬಾಯಿ ಬಿಡಲಿ."

ದಿನಗಳು ಹೀಗೇ ಹೋದವು. ಚಿಕ್ಕ ಮೇಷ್ಟ್ರು ಟೈ ಕಟ್ಟಿಕೊಂಡು ಬಕೆಟ್ ಹೊತ್ತ. ಸೊಸೆ ಸ್ನಾನದ ನೀರಿನಲ್ಲೇ ಬಟ್ಟೆ ಒಗೆದಳು. ದೊಡ್ಡ ಮೇಷ್ಟ್ರು ಅರ್ಧ ಬಕೆಟ್ ತುಂಬಿಸಿ ದಾರಿಯಲ್ಲಿ ಅದರಲ್ಲೂ ಅರ್ಧ ಚೆಲ್ಲಿ, ಮಂಡಿ ಹಿಡಿದುಕೊಂಡು ಬಂದು ಕೂರುತ್ತಿದ್ದರು. ನೆರೆಯವರು ಕೇಳಿದರೆ "ಪೈಪ್ ರಿಪೇರಿ" ಎನ್ನುತ್ತಿದ್ದರು.

"ಸೊಂಟ ಬಿದ್ದುಹೋಯ್ತು ಕಣೇ," ಎಂದರು ಒಂದು ಸಂಜೆ.

"ಒಂದು ವಾರಕ್ಕೇನಾ? ನಮ್ಮಮ್ಮ ಸಾಯೋವರೆಗೂ ಹೊತ್ಲು." ಹಾಗೆನ್ನುತ್ತಲೇ ಅವರ ಮಂಡಿಗೆ ಎಣ್ಣೆ ತಿಕ್ಕಿದರು. ತಿಕ್ಕಿದ್ದು ಸ್ವಲ್ಪ ಜೋರಾಗಿಯೇ.

ಸುದ್ದಿ ಕಿವಿಗೆ ಬಿದ್ದು ಮುಖ್ಯಸ್ಥರೇ ಮನೆಗೆ ಬಂದರು. ಬಾಗಿಲಲ್ಲೇ ಬಗ್ಗಿ ನಮಸ್ಕರಿಸಿದರು. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಆಚೆಗೂ ಬೆಳಕು, ಈಚೆಗೂ ಬೆಳಕು, ದೀಪ ಯಾರದೆಂದು ತಿಳಿಯದು. ಆಕೆ ಗಂಡನ ಮುಂದೆಯೂ ಅವರ ಮುಂದೆಯೂ ಚಹಾ ಇಟ್ಟರು. "ಕೆಳಬೀದಿ ನಲ್ಲಿ ನೀರು. ಕೊಡ ತುಂಬೋಕೆ ಎಂಟು ಗಂಟೆಗೆ ನಿಂತೋಳಿಗೆ ಹತ್ತಾಯ್ತು. ಚೆಲ್ಲದೆ ಕುಡೀರಿ."

ಮುಖ್ಯಸ್ಥರು ನಕ್ಕು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಸರ್, ಎಲ್ಲಾ ಸುಸೂತ್ರ ಮಾಡಿದೀನಿ. ಇವರ ಪ್ರಬಂಧದಲ್ಲಿ ಕೆಳಬೀದಿ ಬಿಟ್ಟುಬಿಡೋಣ, ಮಿಕ್ಕ ಬೀದಿಗಳೇ ಸಾಕು. ಒಂದು ಅಡಿಟಿಪ್ಪಣಿ ಹಾಕೋಣ, 'ಹಳೆಯ ಕೆಲವು ಅಳತೆಗಳನ್ನು ಮರುಪರಿಶೀಲಿಸಬೇಕಾಗಬಹುದು' ಅಂತ. ಸತ್ಯ ಹೇಳಿದ ಹಾಗೂ ಆಯ್ತು, ನಿಮ್ಮ ಹೆಸರೂ ಉಳೀತು, ಹುಡುಗಿಗೆ ಪದವೀನೂ ಸಿಕ್ತು."

"ಅದನ್ನ ಕೆಳಬೀದಿಯವರು ಓದ್ತಾರಾ?" ಎಂದಳು ಸೊಸೆ.

"ಅವರು ಯಾಕಮ್ಮ ಓದ್ತಾರೆ? ಅವರಿಗೆ ಈಗ ನಲ್ಲಿ ಇದೆ. ಅಭ್ಯಾಸ ಆಗಿಹೋಗಿದೆ."

"ನನ್ನ ಪ್ರಬಂಧದಲ್ಲಿ ಕೆಳಬೀದಿ ಇರುತ್ತೆ ಸರ್. ಮೊದಲನೇ ಅಧ್ಯಾಯದಲ್ಲೇ."

"ಹಾಗಾದ್ರೆ ನೀವು ಬೇರೆ ಗೈಡ್ ಹುಡುಕಿಕೊಳ್ಳಬೇಕಾಗುತ್ತೆ." ನಗು ಹಾಗೇ ಇತ್ತು, ದನಿ ಮಾತ್ರ ಬದಲಾಗಿತ್ತು.

"ಹುಡುಕ್ಕೋತೀನಿ."

ಚಿಕ್ಕ ಮೇಷ್ಟ್ರು ಕೆಮ್ಮಿದ. ಏನೋ ಹೇಳಲು ಹೊರಟು, ಹೆಂಡತಿಯ ಮುಖ ನೋಡಿ, "ನೀರು ಪರೀಕ್ಷೆ ಮಾಡಿದ್ದು ನಾನೇ ಸರ್," ಎಂದ. ಅವನ ಬಡ್ತಿ ಅಲ್ಲಿಗೆ ಮುಗಿಯಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಅವನಿಗೆ ಎಲ್ಲರಿಗಿಂತ ಮೊದಲು.

ಆಗ ಅಮ್ಮ ಮುಂದೆ ಬಂದರು. "ಮುಚ್ಚೋವಾಗ ಗಾಡಿ ಕಟ್ಟಿ, ಮೈಕ್ ಹಿಡಿದು, ಊರೆಲ್ಲ ಕೇಳೋ ಹಾಗೆ ಕೂಗಿ ಮುಚ್ಚಿದ್ರಿ. ತಪ್ಪು ಅಂತ ಗೊತ್ತಾದ ಮೇಲೆ ಹಾಳೆ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಬರೀತೀರಾ? ಬೈದಿದ್ದು ಬೀದೀಲಿ, ಕ್ಷಮೆ ಕೇಳೋದು ಬಚ್ಚಲಲ್ಲಿ! ಇದನ್ನೇನಾ ನೀವು ಅಷ್ಟು ವರ್ಷ ಕೂತು ಓದಿದ್ದು?"

ಮುಖ್ಯಸ್ಥರು ದೊಡ್ಡ ಮೇಷ್ಟ್ರ ಕಡೆ ತಿರುಗಿದರು. "ಸರ್, ನೀವು ಹೇಳಿ."

ದೊಡ್ಡ ಮೇಷ್ಟ್ರು ಲೋಟದ ತಳದವರೆಗೂ ಚಹಾ ಕುಡಿದು ಕೆಳಗಿಟ್ಟರು.

"ನಿನಗೆ ಕಲಿಸಿದ್ದು ನಾನೇ ಅಲ್ವೇನಯ್ಯ?"

"ನನ್ನದೇನಿದೆ ಸರ್, ಎಲ್ಲಾ ನೀವು ಕಲಿಸಿದ್ದೇ."

"ಅದೇ ನೋಡು ನನ್ನ ಭಯ," ಎಂದರು. "ಕಲ್ಲು ಕೆತ್ತೋದು ನಿಲ್ಲಿಸೋಕೆ ಹೇಳು."

ಭಾನುವಾರ ಬೆಳಿಗ್ಗೆ ನಾಲ್ವರೂ ಕೆಳಬೀದಿಗೆ ಹೋದರು. ನಲ್ಲಿಯ ಮುಂದೆ ಕೊಡಗಳ ಸಾಲು ದರ್ಜಿಯ ಅಂಗಳದವರೆಗೂ ಬಂದಿತ್ತು. ದರ್ಜಿ ಕೂಗಿ ಕರೆದದ್ದಕ್ಕೆ ಜನ ಕೊಡ ಹಿಡಿದೇ ತಿರುಗಿ ನಿಂತರು. ದೊಡ್ಡ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ, ಹಿಂದೆ ನಡೆದ ಅಧ್ಯಯನದ ಅಂಕಿ ಅಂಶಗಳ ಸಂಸ್ಕರಣೆಯಲ್ಲಿ ಲೋಪವೊಂದು ನುಸುಳಿದ್ದು..."

"ಏನು ನುಸುಳಿತಂತೆ?" ಎಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ.

"ಹಾವಿರಬೇಕು," ಎಂದರು ಯಾರೋ.

"ಮನೇಲಿ ಮಾತಾಡೋ ಹಾಗೆ ಹೇಳಿ," ಎಂದರು ಹೆಂಡತಿ. "ಜೋರಾಗಿ."

ಅವರು ದನಿ ಏರಿಸಿದರು. "ನಿಮ್ಮ ಬಾವಿ ನೀರು ಚೆನ್ನಾಗಿತ್ತು. ಕೆಟ್ಟಿದೆ ಅಂತ ಹೇಳಿದವನು ನಾನು. ನಾನು ಹೇಳಿದ್ದು ತಪ್ಪು. ನೀರು ತರದ ದಿನದ ಲೆಕ್ಕಾನೂ ಸೇರಿಹೋಯ್ತು, ನಾನು ತಿರುಗಿ ನೋಡಲಿಲ್ಲ. ನಿಮ್ಮ ಬೀದೀಲಿ ಕೊಳಕಿರಲಿಲ್ಲ."

ನಲ್ಲಿಯ ಕೆಳಗಿದ್ದ ಕೊಡ ತುಂಬಿ ಹರಿಯತೊಡಗಿತು. ಯಾರೂ ಅದನ್ನು ತೆಗೆಯಲಿಲ್ಲ.

"ಕೊಳಕು ಬೀದಿ ಹುಡುಗಿ ಬೇಡ ಅಂತ ನಮ್ಮಕ್ಕನ ಸಂಬಂಧ ಮುರಿದು ಹೋದ್ರು," ಎಂದಳು ಒಬ್ಬಳು. "ಅದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಿ?"

"ನಿಮ್ಮತ್ತೆ ಆಡು ಮಾರಿದ್ದು ಇದಕ್ಕೇನಾ?" ಎಂದಳು ಮುದುಕಿ. "ಆ ಕರಿ ಆಡನ್ನ ಹಿಡ್ಕೊಂಡು ಅತ್ತಿದ್ಲು ಪಾಪ. ನಾವೂ ಬೈದ್ವಿ ಅವಳನ್ನ. ನಿನ್ನಿಂದಲೇ ಆಗಿದ್ದು ಅಂತ ಬೈದ್ವಿ. ನಮ್ಮ ಕೈಲೂ ಪಾಪ ಮಾಡಿಸಿದ್ರಲ್ಲಪ್ಪ." ಮತ್ತೆ ಕೇಳಿದಳು: "ಅಲ್ಲ, ನೀರಿಗೆ ಅಂತಲೇ ಬರ್ತಿದ್ರಲ್ಲ. ಯಾಕೆ ತಗೊಂಡು ಹೋಗಲಿಲ್ಲ?"

ದೊಡ್ಡ ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಸಹಾಯಕ್ಕೆ ಬರಲಿಲ್ಲ.

"ಇವಳನ್ನ ನೋಡ್ತಾ ಕೂತಿದ್ದೆ," ಎಂದರು.

ಒಂದಿಬ್ಬರು ನಕ್ಕರು. ಉಳಿದವರು ನಗದಿದ್ದುದನ್ನು ಕಂಡು ಅವರೂ ನಿಲ್ಲಿಸಿದರು. ಕೈಯಲ್ಲಿ ಖಾಲಿ ಕೊಡ ಹಿಡಿದಿದ್ದವರ ಮುಂದೆ ಆ ಮಾತು ಹೇಗೆ ನಿಂತಿತೆಂದರೆ, ಅದನ್ನು ಆಡಿದವರಿಗೇ ನಿಲ್ಲಲಾಗಲಿಲ್ಲ. ಹಿಂದೆ ಕೈ ಚಾಚಿ, ತಡಕಾಡಿ, ಚಪ್ಪಡಿಯ ಮೇಲೆ ಕುಸಿದು ಕೂತರು.

ದರ್ಜಿ ಹೊಲಿಗೆ ಯಂತ್ರ ಬಿಟ್ಟು ಬಂದ. ಅಷ್ಟು ವರ್ಷ ಭಾವನ ಎದುರು ದನಿ ಎತ್ತಿ ಮಾತಾಡದವನು, ಹಬ್ಬಕ್ಕೆ ಕರೆದರೂ ಬಾಗಿಲ ಬಳಿಯೇ ಕೂರುತ್ತಿದ್ದವನು, ಅವರ ತೋಳು ಹಿಡಿದ.

"ಏಳಿ ಭಾವ," ಎಂದ. "ಅದು ಕಟ್ಟೆಯಲ್ಲ. ಬಾವಿ."